ಜ್ಯೂಬಿಲಿ ಕಪ್ಪಿನ ಶನಿವಾರಗಳು

ರಗ್ಬಿ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಕಪ್ಪು ಅಂಗಿ ತೊಟ್ಟು, ತೊಡೆ ತಟ್ಟಿ ಹಾಕಾ ನೃತ್ಯ ಮಾಡುವ ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ತಂಡ. ಟಿವಿಯಲ್ಲಿ ಕಾಣುವುದೂ ಅದೇ. ಆ ದೇಶದಲ್ಲೇ ಟಿವಿಗೆ ಅಪರೂಪಕ್ಕೆ ಮಾತ್ರ ಬೀಳುವ ಇನ್ನೊಂದು ರಗ್ಬಿ ಇದೆ. ಅದನ್ನು ಆಡುವವರು ಬಡಗಿಗಳು, ಮೇಷ್ಟರು, ಪ್ಲಂಬರ್‌ಗಳು, ಬಂದರಿನಲ್ಲಿ ಸರಕು ಇಳಿಸುವವರು, ಕಾಲೇಜು ಹುಡುಗರು. ಬೂಟು ಅವರದೇ ದುಡ್ಡಿನದು, ಕ್ಲಬ್ಬಿನ ವಾರ್ಷಿಕ ಶುಲ್ಕವೂ ಅವರದೇ. ವೆಲ್ಲಿಂಗ್ಟನ್ ಪ್ರಾಂತ್ಯದಲ್ಲಿ ಈ ಆಟಗಾರರು ಕನಸು ಕಾಣುವುದು ಜ್ಯೂಬಿಲಿ ಕಪ್ಪಿನದು. ಒಂದು ಚಳಿಗಾಲ ಪೂರ್ತಿ ನಾನು ಆ ಕಪ್ಪಿನ ಹಿಂದೆ ಓಡಿದೆ, ಕೈಯಲ್ಲಿ ಪ್ರಥಮ ಚಿಕಿತ್ಸೆಯ ಚೀಲ ಹಿಡಿದುಕೊಂಡು.

ನಾನು ವೃತ್ತಿಯಿಂದ ನರ್ಸ್. ವಿರಾಜಪೇಟೆ ಕಡೆಯವಳು, ಅಪ್ಪ ಕಾಫಿ ತೋಟದಲ್ಲಿ ರೈಟರಾಗಿದ್ದರು. ಮಂಗಳೂರಿನಲ್ಲಿ ಓದಿ, ಅಲ್ಲೇ ಕೆಲಸ ಮಾಡಿ, ಆಮೇಲೆ ಗಂಡ ಮತ್ತು ಮಗನ ಜೊತೆ ವೆಲ್ಲಿಂಗ್ಟನ್ ಪಕ್ಕದ ಹಟ್ ಕಣಿವೆಗೆ ಬಂದೆ. ರಗ್ಬಿಯ ನಂಟು ಹತ್ತಿದ್ದು ಮಗನಿಂದ. ಶಾಲೆಯ ಗೆಳೆಯರ ಜೊತೆ ಅವನು ರಿಪ್ಪಾ ರಗ್ಬಿಗೆ ಸೇರಿಕೊಂಡ. ಚಿಕ್ಕ ಮಕ್ಕಳ ಈ ಆಟದಲ್ಲಿ ಹಿಡಿದು ಕೆಡವುವಂತಿಲ್ಲ. ಸೊಂಟದ ಬೆಲ್ಟಿಗೆ ಅಂಟಿಸಿದ ಎರಡು ಬಣ್ಣದ ಪಟ್ಟಿಗಳಲ್ಲಿ ಒಂದನ್ನು ಕಿತ್ತರೆ ಸಾಕು. ಶನಿವಾರ ಬೆಳಿಗ್ಗೆ ಮಕ್ಕಳು ಆಡುತ್ತಾರೆ, ಮಧ್ಯಾಹ್ನ ಅದೇ ಕ್ಲಬ್ಬಿನ ದೊಡ್ಡವರು ಆಡುತ್ತಾರೆ. ಇಬ್ಬರ ಅಂಗಿಯ ಬಣ್ಣವೂ ಒಂದೇ. ಆಟ ಮುಗಿದ ಮಕ್ಕಳು ಮನೆಗೆ ಹೋಗಲು ಒಪ್ಪುವುದಿಲ್ಲ. ಹಾಗಾಗಿ ಅಮ್ಮಂದಿರೂ ಸಂಜೆಯವರೆಗೆ ಅಲ್ಲೇ ಉಳಿಯುತ್ತಾರೆ.

ಹಾಗೆ ಉಳಿದಿದ್ದ ಒಂದು ಶನಿವಾರ ಕ್ಲಬ್ಬಿನ ಮೊದಲ ತಂಡವಾದ ಪ್ರೀಮಿಯರ್ ತಂಡದ ಮ್ಯಾನೇಜರ್ ನನ್ನ ಹತ್ತಿರ ಬಂದರು. ನಿವೃತ್ತ ಪೋಸ್ಟ್‌ಮ್ಯಾನ್. ‘ನೀವು ನರ್ಸ್ ಅಂತೆ. ನಮ್ಮ ಹುಡುಗರಿಗೆ ಟೇಪ್ ಸುತ್ತುವುದಕ್ಕೆ, ಗಾಯ ನೋಡುವುದಕ್ಕೆ ಯಾರೂ ಇಲ್ಲ. ಬರುತ್ತೀರಾ?’ ಎಂದು ನೇರವಾಗಿ ಕೇಳಿದರು. ಮುಂದಿನ ಸೀಸನ್ನಿಗೆ ಡ್ಯೂಟಿ ಹೊಂದಿಸಿಕೊಂಡು ಹೋದೆ. ತಂಡದಲ್ಲಿ ಸಮೋವಾ ಮೂಲದ ಹುಡುಗರು ಬಹಳ. ಅವರಲ್ಲಿ ಹಿರಿಯ ಹೆಂಗಸರನ್ನು ಆಂಟಿ ಎನ್ನುವುದು ರೂಢಿ. ಮೊದಲ ದಿನವೇ ನಾನೂ ಆಂಟಿಯಾದೆ. ಒಬ್ಬ ಆಟಗಾರನ ಗಾಯದ ವಿಷಯ ಇಲ್ಲಿ ಬರೆಯಬೇಕಾಗಿದೆ; ಆದ್ದರಿಂದ ಕ್ಲಬ್ಬಿನ ಹೆಸರನ್ನಾಗಲಿ ಹುಡುಗರ ಹೆಸರನ್ನಾಗಲಿ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಪಾಲಿಸುವ ನಿಯಮವನ್ನು ಮೈದಾನದಲ್ಲೂ ಪಾಲಿಸಬೇಕು.

ನ್ಯೂಜಿಲೆಂಡಿನಲ್ಲಿ ಮೊದಲ ರಗ್ಬಿ ಪಂದ್ಯ ನಡೆದದ್ದು 1870ರ ಮೇ 14ರಂದು, ನೆಲ್ಸನ್ ಎಂಬ ಊರಿನಲ್ಲಿ. ಇಂಗ್ಲೆಂಡಿನಲ್ಲಿ ಓದುವಾಗ ಆಟ ಕಲಿತು ಬಂದಿದ್ದ ಚಾರ್ಲ್ಸ್ ಮನ್ರೋ ಎಂಬ ತರುಣ ಅದನ್ನು ಏರ್ಪಡಿಸಿದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನೆಲ್ಸನ್ನಿನವರು ಕುಕ್ ಜಲಸಂಧಿ ದಾಟಿ ಬಂದು ಪೆಟೋನಿಯಲ್ಲಿ ವೆಲ್ಲಿಂಗ್ಟನ್ನಿನವರ ಜೊತೆ ಆಡಿದರು. ಪೆಟೋನಿ ನಮ್ಮ ಹಟ್ ಕಣಿವೆಯ ಬಾಯಲ್ಲೇ ಇರುವ ಕಡಲ ತೀರದ ಊರು. ವೆಲ್ಲಿಂಗ್ಟನ್ ರಗ್ಬಿ ಯೂನಿಯನ್ ಹುಟ್ಟಿದ್ದು 1879ರಲ್ಲಿ. ಅದಕ್ಕೆ ಐವತ್ತು ತುಂಬಿದ 1929ರಲ್ಲಿ ಜ್ಯೂಬಿಲಿ ಕಪ್ ಶುರುವಾಯಿತು. ಕ್ಲಬ್ಬುಗಳು ಕಪ್ಪಿಗಿಂತ ಹಳೆಯವು: ಪೊನೆಕೆ ಕ್ಲಬ್ 1883ರದು, ಪೆಟೋನಿ ಕ್ಲಬ್ 1885ರದು. ಈ ಕಪ್ಪನ್ನು ಅತಿ ಹೆಚ್ಚು ಸಲ ಗೆದ್ದವರೂ ಪೆಟೋನಿಯವರೇ.

ಟೂರ್ನಿಯ ಕ್ರಮ ಹೊರಗಿನವರಿಗೆ ಸ್ವಲ್ಪ ತೊಡಕು. ನಾನು ನೋಡಿದ ವರ್ಷ ಮೊದಲ ಸುತ್ತು ಸ್ವಿಂಡೇಲ್ ಶೀಲ್ಡಿಗೆ. ಎಲ್ಲರೂ ಎಲ್ಲರ ಎದುರು ಒಂದೊಂದು ಸಲ ಆಡಬೇಕು. ಅದರಲ್ಲಿ ಮೇಲಿನ ಎಂಟು ತಂಡಗಳಿಗೆ ಜ್ಯೂಬಿಲಿ ಕಪ್ಪಿನ ಬಾಗಿಲು ತೆರೆಯುತ್ತದೆ. ಉಳಿದವರು ಹಾರ್ಡಮ್ ಕಪ್ಪಿಗೆ ಆಡುತ್ತಾರೆ. ವಿಲಿಯಂ ಹಾರ್ಡಮ್ ಪೆಟೋನಿಯ ಕಮ್ಮಾರ, ವೆಲ್ಲಿಂಗ್ಟನ್ ತಂಡದ ಆಟಗಾರ. ಬೋಯರ್ ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವನು. ಕೆಳಗುಳಿದ ತಂಡಗಳ ಕಪ್ಪಿಗೂ ಇಂಥವನ ಹೆಸರಿಟ್ಟಿದ್ದಾರೆಂಬುದು ನನಗೆ ಇಷ್ಟವಾಯಿತು. ಮೇಲಿನ ಎಂಟರಲ್ಲಿ ಇನ್ನೊಂದು ಸುತ್ತು ನಡೆದು, ನಾಲ್ಕು ತಂಡಗಳು ಸೆಮಿಫೈನಲ್ ಸೇರುತ್ತವೆ.

ಅಂಕಗಳ ಲೆಕ್ಕವೂ ಸ್ವಾರಸ್ಯದ್ದು. ಗೆದ್ದರೆ ನಾಲ್ಕು, ಸಮವಾದರೆ ಎರಡು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ; ನಾಲ್ಕು ಟ್ರೈ ಹೊಡೆದವರಿಗೆ ಒಂದು ಬೋನಸ್. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೂ ಒಂದು ಬೋನಸ್. ಹೀಗಾಗಿ ಸೋಲು ಖಚಿತವಾದ ಮೇಲೂ ಕೊನೆಯ ಐದು ನಿಮಿಷ ಯಾರೂ ಕೈಚೆಲ್ಲುವುದಿಲ್ಲ. ಮೇ ತಿಂಗಳ ಕೆಸರಿನಲ್ಲಿ ಹೋರಾಡಿ ಉಳಿಸಿಕೊಂಡ ಒಂದು ಅಂಕ ಜುಲೈಯಲ್ಲಿ ಸೆಮಿಫೈನಲ್ ಕೊಡಿಸಬಹುದು. ಮ್ಯಾನೇಜರ್ ಇದನ್ನು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಡುತ್ತಿದ್ದರು. ಪ್ರತಿ ಶನಿವಾರ ಸಂಜೆ ಬೇರೆ ಮೈದಾನಗಳ ಫಲಿತಾಂಶ ಫೋನಿನಲ್ಲಿ ಬಂದೊಡನೆ ಹತ್ತಾರು ಜನ ಆ ನೋಟ್‌ಬುಕ್ಕಿನ ಸುತ್ತ ಸೇರುತ್ತಿದ್ದರು.

ಈ ಟೂರ್ನಿಯ ಬೆನ್ನು ಹತ್ತಿದವರಿಗೆ ವೆಲ್ಲಿಂಗ್ಟನ್ನಿನ ಮೂಲೆ ಮೂಲೆ ಪರಿಚಯವಾಗುತ್ತದೆ. ಗುಡ್ಡ ಹತ್ತಿ ಇಳಿದರೆ ವೈನುಯಿಯೊಮಾಟಾ. ಉತ್ತರಕ್ಕೆ ಹೋದರೆ ಟಾವಾ, ಅದರಾಚೆ ಪೊರಿರುವಾ. ವಿಮಾನ ನಿಲ್ದಾಣದ ಕಡೆ ಮಿರಾಮಾರ್‌ನ ಪೋಲೋ ಗ್ರೌಂಡ್. ಮಾ ನೊನು, ಆರ್ಡೀ ಸವೆಯಾ ಅವರಂಥ ಆಲ್ ಬ್ಲ್ಯಾಕ್ಸ್ ಆಟಗಾರರನ್ನು ಕೊಟ್ಟ ಓರಿಯಂಟಲ್ ರೊಂಗೊಟಾಯ್ ಕ್ಲಬ್ಬಿನ ಮನೆ ಅದು. ಓಲ್ಡ್ ಬಾಯ್ಸ್ ಯೂನಿವರ್ಸಿಟಿ ಕ್ಲಬ್ಬಿನ ಮೈದಾನ ಇರುವ ಬಡಾವಣೆಯ ಹೆಸರೇ ಖಂಡಾಲಾ. ಪುಣೆ ದಾರಿಯ ಖಂಡಾಲಾದಿಂದ ಬಂದ ಹೆಸರು. ಸುತ್ತಲಿನ ರಸ್ತೆಗಳು ಗ್ಯಾಂಜಸ್ ರೋಡ್, ಸಿಮ್ಲಾ ಕ್ರೆಸೆಂಟ್, ಡೆಲ್ಲಿ ಕ್ರೆಸೆಂಟ್. ಭಾರತದ ಈ ಹೆಸರುಗಳ ನಡುವೆ ಗಾಯದ ಚೀಲ ಹೊತ್ತು ನಡೆದಾಗ, ನಾನು ಆ ಊರಿಗೆ ತೀರಾ ಹೊಸಬಳಲ್ಲ ಅನ್ನಿಸಿತ್ತು.

ಎಲ್ಲ ಮೈದಾನಗಳಿಗೂ ಸಮಾನವಾದದ್ದು ಗಾಳಿ. ಉತ್ತರದ ಗಾಳಿ ಬೀಸಿದರೆ ಚೆಂಡು ಒದ್ದ ಕಡೆ ಹೋಗುವುದಿಲ್ಲ. ದಕ್ಷಿಣದ ಗಾಳಿ ಬೀಸಿದರೆ ಮಳೆಯೂ ಬಂದು ಬೆರಳು ಮರಗಟ್ಟುತ್ತದೆ, ಟೇಪಿನ ತುದಿ ಬಿಡಿಸಲೂ ಆಗುವುದಿಲ್ಲ. ಟಾಸ್ ಗೆದ್ದ ನಾಯಕ ಮೊದಲು ನೋಡುವುದು ಗೋಲು ಕಂಬದ ಹಿಂದಿನ ಮರಗಳನ್ನು.

ಇಡೀ ವ್ಯವಸ್ಥೆ ನಿಂತಿರುವುದು ಹೆಸರಿಲ್ಲದವರ ಮೇಲೆ. ಶನಿವಾರ ಬೆಳಿಗ್ಗೆ ಏಳಕ್ಕೆ ಗೆರೆ ಎಳೆಯುವವರು, ಗೋಲು ಕಂಬಕ್ಕೆ ಪ್ಯಾಡ್ ಕಟ್ಟುವವರು, ಬ್ರೆಡ್ಡಿನಲ್ಲಿ ಸಾಸೇಜು, ಬೇಯಿಸಿದ ಈರುಳ್ಳಿ ಇಟ್ಟು ಮಾರುವವರು, ಮಾಂಸದ ತಟ್ಟೆ ಬಹುಮಾನವಾಗಿರುವ ಲಾಟರಿಯ ಚೀಟಿ ಹರಿದು ಕೊಡುವವರು, ಅಂಗಿ ಒಗೆಯುವವರು. ಮಂಗಳವಾರ, ಗುರುವಾರ ಸಂಜೆ ಕೆಲಸ ಮುಗಿಸಿ, ಸಿಮೆಂಟಿನ ಧೂಳು ಮೆತ್ತಿಕೊಂಡೇ ಹುಡುಗರು ಅಭ್ಯಾಸಕ್ಕೆ ಬರುತ್ತಾರೆ. ನಮ್ಮ ಕ್ಲಬ್ಬಿನಲ್ಲಿ ಮೊದಲ ತಂಡಕ್ಕೆ ನೂರು ಪಂದ್ಯ ಆಡಿದವರಿಗೆ ಬ್ಲೇಜರ್ ಹೊದಿಸುವ ಸಂಪ್ರದಾಯವಿತ್ತು. ನಾನಿದ್ದ ವರ್ಷ ಅದನ್ನು ಪಡೆದ ಆಟಗಾರ ವೇದಿಕೆ ಮೇಲೆ ಮೊದಲು ಹೆಸರಿಸಿದ್ದು ಅಡುಗೆಮನೆಯಲ್ಲಿ ನಿಂತಿದ್ದ ಅಜ್ಜಿಯೊಬ್ಬರನ್ನು. ಅವನು ಏಳು ವರ್ಷದ ಹುಡುಗನಾಗಿದ್ದಾಗ ಅವನ ಬೂಟಿನ ಲೇಸ್ ಕಟ್ಟುತ್ತಿದ್ದವರು ಅವರೇ.

ಮೇಲಿನ ಎಂಟರಲ್ಲಿ ನಮ್ಮ ತಂಡವೂ ಇತ್ತು. ಎರಡನೇ ಸುತ್ತಿನ ಕೊನೆಯ ಪಂದ್ಯಕ್ಕೆ ಬಂದಾಗ ನಾವು ಐದನೇ ಸ್ಥಾನದಲ್ಲಿದ್ದೆವು. ನೋಟ್‌ಬುಕ್ಕಿನ ಲೆಕ್ಕ ಸ್ಪಷ್ಟವಿತ್ತು: ಗೆದ್ದರೆ ಸಾಲದು, ನಾಲ್ಕು ಟ್ರೈ ಬೇಕು. ಅರ್ಧ ಕಾಲಕ್ಕೆ ಎರಡು ಬಂದಿತ್ತು. ವಿರಾಮದ ನಂತರ ಮೂರನೆಯದನ್ನು ಹೊಡೆದವನು ನಮ್ಮ ನಂಬರ್ ಎಂಟು. ಎರಡೂ ಕಡೆಯ ಎಂಟೆಂಟು ಜನ ತೋಳು ಹೆಣೆದು ತಳ್ಳಾಡುವ ಸ್ಕ್ರಮ್ಮಿನ ಕೊನೆಯಲ್ಲಿ ನಿಂತು, ಚೆಂಡು ಎತ್ತಿಕೊಂಡು ನುಗ್ಗುವ ಆಟಗಾರ. ಆ ವರ್ಷ ನಮ್ಮ ತಂಡದ ಅರ್ಧ ಬಲ ಅವನೇ. ವಾರದ ದಿನಗಳಲ್ಲಿ ಮನೆಗಳಿಗೆ ಚಾವಣಿ ಹೊದಿಸುವ ಕೆಲಸ ಅವನದು.

ಟ್ರೈ ಆಗಿ ಸ್ವಲ್ಪ ಹೊತ್ತಿಗೆ ಅವನು ಎದುರಾಳಿಯನ್ನು ಕೆಡವಲು ಬಗ್ಗಿದಾಗ ಅವರ ಮಂಡಿ ಇವನ ಕಣತಲೆಗೆ ಬಡಿಯಿತು. ಎದ್ದು ನಿಂತ. ಎರಡು ಹೆಜ್ಜೆ ಹಾಕುವಾಗ ಕಾಲು ಅಡ್ಡ ಬಿತ್ತು. ಓಡಿಹೋಗಿ ಹಿಡಿದುಕೊಂಡೆ. ‘ನನಗೇನೂ ಆಗಿಲ್ಲ ಆಂಟಿ, ಬಿಡಿ’ ಎಂದ. ಎದುರಾಳಿ ಯಾವ ಕ್ಲಬ್ ಎಂದು ಕೇಳಿದೆ. ಹಿಂದಿನ ವಾರ ಆಡಿದ ತಂಡದ ಹೆಸರು ಹೇಳಿದ. ಅಷ್ಟರಲ್ಲಿ ರೆಫರಿ ಬಂದು ನೀಲಿ ಕಾರ್ಡ್ ಎತ್ತಿದರು. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ತೋರಿಸುವ ಕಾರ್ಡು ಅದು. ಮತ್ತೆ ವಾದವಿಲ್ಲ. ಆಗಿನ ನಿಯಮದ ಪ್ರಕಾರ ಕನಿಷ್ಠ ಮೂರು ವಾರ ಆಟವಿಲ್ಲ, ವೈದ್ಯರು ಒಪ್ಪದೆ ಮರಳುವಂತೆಯೂ ಇಲ್ಲ. ಅಂದರೆ ಸೆಮಿಫೈನಲ್ ಇಲ್ಲ. ಗೆದ್ದರೆ ಫೈನಲ್ಲೂ ಇಲ್ಲ.

ಅಂಚಿನಲ್ಲಿ ಅವನನ್ನು ಕೂರಿಸಿ ಕಂಬಳಿ ಹೊದಿಸಿದೆ. ಕೊನೆಯ ನಿಮಿಷಗಳಲ್ಲಿ ನಮ್ಮ ಸ್ಕ್ರಮ್ಮಿನ ಎಂಟು ಮಂದಿ ಫಾರ್ವರ್ಡ್‌ಗಳು ಲೈನ್‌ಔಟಿನಲ್ಲಿ ಅಂಚಿನಿಂದ ಎಸೆದ ಚೆಂಡು ಹಿಡಿದು, ಒಬ್ಬರಿಗೊಬ್ಬರು ತೋಳು ಹೆಣೆದು, ಹೆಜ್ಜೆ ಹೆಜ್ಜೆಯಾಗಿ ತಳ್ಳಿಕೊಂಡು ಹೋಗಿ ನಾಲ್ಕನೇ ಟ್ರೈ ಹಾಕಿದರು. ಸುತ್ತಲಿದ್ದವರೆಲ್ಲ ಕುಣಿದರು. ಅವನು ಮಾತ್ರ ‘ಎಷ್ಟು ಟ್ರೈ ಆಯಿತು?’ ಎಂದು ನನ್ನನ್ನು ಮತ್ತೆ ಮತ್ತೆ ಕೇಳುತ್ತಿದ್ದ. ನಾನು ಪ್ರತಿ ಸಲವೂ ನಾಲ್ಕು ಎಂದೆ. ಪ್ರತಿ ಸಲವೂ ಅವನು ಹೊಸದಾಗಿ ಸಂತೋಷಪಟ್ಟ. ಆ ಸಂಜೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಭಯಪಡುವಂಥದ್ದೇನೂ ಇರಲಿಲ್ಲ.

ಆ ಕಾರ್ಡಿನ ಬಗ್ಗೆ ಕ್ಲಬ್ಬಿನಲ್ಲಿ ಒಬ್ಬರೂ ಗೊಣಗಲಿಲ್ಲ. ಅದು ನನ್ನನ್ನು ತಟ್ಟಿತು. ತಲೆ ಸುತ್ತುವವನು ಸೋಮವಾರ ಮಳೆಯಲ್ಲಿ ತಗಡಿನ ಚಾವಣಿ ಹತ್ತಬೇಕು. ಅವನ ಕೂಲಿಯಿಂದ ಒಂದು ಮನೆ ನಡೆಯುತ್ತದೆ. ಯಾವ ಕಪ್ಪೂ ಅದಕ್ಕಿಂತ ದೊಡ್ಡದಲ್ಲವೆಂದು ಆ ಜನಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮರುವಾರ ಅವನ ಮೇಲಧಿಕಾರಿ ಅವನಿಗೆ ನೆಲದ ಮೇಲಿನ ಕೆಲಸ ಕೊಟ್ಟರು. ಅವರೂ ಕ್ಲಬ್ಬಿನ ಹಳೆಯ ಆಟಗಾರರೇ.

ಅವನ ಜಾಗಕ್ಕೆ ಬಂದದ್ದು ಇಪ್ಪತ್ತೊಂದರೊಳಗಿನ ಕೋಲ್ಟ್ಸ್ ತಂಡದ ಹುಡುಗ, ವಿಶ್ವವಿದ್ಯಾಲಯದ ವಿದ್ಯಾರ್ಥಿ. ಮಂಗಳವಾರ, ಗುರುವಾರ ಎರಡೂ ದಿನ ಗಾಯಾಳು ಅಭ್ಯಾಸಕ್ಕೆ ಬಂದ. ಓಡುವಂತಿರಲಿಲ್ಲ; ಅಂಚಿನಲ್ಲಿ ನಿಂತು ಆ ಹುಡುಗನಿಗೆ ಸ್ಕ್ರಮ್ಮಿನ ತುದಿಯಲ್ಲಿ ಕಾಲು ಎಲ್ಲಿರಬೇಕು, ಯಾವಾಗ ಚೆಂಡು ಎತ್ತಬೇಕು, ಯಾವಾಗ ಬಿಡಬೇಕು ಎಂದು ಹೇಳಿಕೊಟ್ಟ. ಗುರುವಾರ ರಾತ್ರಿ ಅವನ ತಾಯಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಪಾನಿ ಪೊಪೊ ಬನ್ನುಗಳನ್ನು ದೊಡ್ಡ ಟ್ರೇಯಲ್ಲಿ ತಂದರು. ಮೊದಲ ಬನ್ನು ಕೊಟ್ಟದ್ದು ಮಗನ ಜಾಗದಲ್ಲಿ ಆಡಲಿದ್ದ ಹುಡುಗನಿಗೆ.

ಸೆಮಿಫೈನಲ್ಲಿನ ದಿನ ಉತ್ತರದ ಗಾಳಿ. ವಿಮಾನ ನಿಲ್ದಾಣದ ಕಡೆಯ ಮೈದಾನ. ಟಾಸ್ ಗೆದ್ದ ಎದುರಾಳಿಗಳು ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಮೊದಲಾರ್ಧ ಆಡಿ ಒಳ್ಳೆಯ ಮುನ್ನಡೆ ಮಾಡಿಕೊಂಡರು. ವಿರಾಮದ ನಂತರ ಗಾಳಿ ನಮ್ಮ ಕಡೆಗಿತ್ತು. ಎರಡು ಟ್ರೈ ಬಂದವು. ಒಂದನ್ನು ಹಾಕಿದವನು ಕೋಲ್ಟ್ಸ್ ಹುಡುಗ. ನೀರಿನ ಬಾಟಲಿಗಳ ಬುಟ್ಟಿ ಹಿಡಿದು ನನ್ನ ಪಕ್ಕ ನಿಂತಿದ್ದ ನಂಬರ್ ಎಂಟು ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟ.

ಕೊನೆಗೆ ನಾಲ್ಕು ಅಂಕ ಹಿಂದಿದ್ದೆವು, ಸಮಯ ಮುಗಿಯುತ್ತಿತ್ತು. ಗೋಲು ಕಂಬದ ಎದುರಿನಲ್ಲೇ ನಮಗೊಂದು ಪೆನಾಲ್ಟಿ ಸಿಕ್ಕಿತು. ಒದ್ದರೆ ಮೂರು ಅಂಕ, ಮೂರು ಸಾಲದು. ಟ್ರೈ ಹಾಕಿದರೆ ಐದು. ನಾಯಕ ಚೆಂಡನ್ನು ಮೂಲೆಗೆ ಒದೆಸಿದ. ಲೈನ್‌ಔಟ್ ಗೆದ್ದೆವು, ತಳ್ಳಿದೆವು. ಗೆರೆ ದಾಟಿದ ಮೇಲೂ ಎದುರಾಳಿಗಳು ಚೆಂಡಿನ ಕೆಳಗೆ ಕೈ, ತೋಳು, ಎದೆ ಕೊಟ್ಟು ಅದು ನೆಲ ಮುಟ್ಟದಂತೆ ಹಿಡಿದುಬಿಟ್ಟರು. ರೆಫರಿ ಟ್ರೈ ಇಲ್ಲವೆಂದರು. ಸೀಟಿ ಬಿತ್ತು. ನಮ್ಮ ಸೀಸನ್ ಮುಗಿಯಿತು.

ಪಂದ್ಯದ ನಂತರ ಎರಡೂ ತಂಡಗಳು ಆತಿಥೇಯರ ಕ್ಲಬ್‌ರೂಮಿನಲ್ಲಿ ಒಟ್ಟಿಗೆ ಉಣ್ಣುತ್ತವೆ. ಗೋಡೆ ತುಂಬ ಹಳೆಯ ತಂಡಗಳ ಫೋಟೋ, ಚಿನ್ನದ ಅಕ್ಷರಗಳ ಫಲಕ. ಇಬ್ಬರು ನಾಯಕರೂ ಎದ್ದು ಎದುರಾಳಿಗೆ, ರೆಫರಿಗೆ, ಅಡುಗೆಮನೆಯವರಿಗೆ ಕೃತಜ್ಞತೆ ಹೇಳುತ್ತಾರೆ. ನಮ್ಮ ನಾಯಕ ಕಣ್ಣು ಕೆಂಪಾಗಿದ್ದರೂ ಪೂರ್ತಿ ಮಾತಾಡಿದ. ಗೆದ್ದವರ ನಾಯಕ ತಟ್ಟೆ ಹಿಡಿದು ನನ್ನ ಮೇಜಿಗೆ ಬಂದು ಮೊದಲು ಕೇಳಿದ್ದು, ‘ನಿಮ್ಮ ನಂಬರ್ ಎಂಟರ ತಲೆ ಈಗ ಹೇಗಿದೆ?’

ಫೈನಲ್ ಆ ವರ್ಷ ಪೊರಿರುವಾದಲ್ಲಿತ್ತು. ನಮ್ಮ ಹುಡುಗರೆಲ್ಲ ನೋಡಲು ಹೋದರು. ಮಗನನ್ನು ಕರೆದುಕೊಂಡು ನಾನೂ ಹೋದೆ. ಅಲ್ಲಿನ ಮೈದಾನಕ್ಕೆ ಈಗ ಜೆರ್ರಿ ಕಾಲಿನ್ಸ್ ಸ್ಟೇಡಿಯಂ ಎಂಬ ಹೆಸರು. ಸಮೋವಾದಲ್ಲಿ ಹುಟ್ಟಿ ಪೊರಿರುವಾದಲ್ಲಿ ಬೆಳೆದು, ನಾರ್ದರ್ನ್ ಯುನೈಟೆಡ್ ಕ್ಲಬ್ಬಿಗೆ ಆಡಿ, ಆಲ್ ಬ್ಲ್ಯಾಕ್ಸ್ ಸೇರಿದವರು ಕಾಲಿನ್ಸ್. 2007ರ ವಿಶ್ವಕಪ್ಪಿನ ನಂತರ ಇಂಗ್ಲೆಂಡಿನ ಡೆವನ್ ಪ್ರಾಂತ್ಯಕ್ಕೆ ರಜೆಗೆ ಹೋದವರು, ಅಲ್ಲಿನ ಬಾರ್ನ್‌ಸ್ಟೇಪಲ್ ಎಂಬ ಸಣ್ಣ ಊರಿನ ಕ್ಲಬ್ಬಿನ ಎರಡನೇ ತಂಡಕ್ಕೆ ಒಂದು ಪಂದ್ಯ ಆಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಬಾರ್ಬೇರಿಯನ್ಸ್ ತಂಡದ ಪರವಾಗಿ ಟ್ವಿಕನಮ್ಮಿನಲ್ಲಿ ವಿಶ್ವ ಚಾಂಪಿಯನ್ ದಕ್ಷಿಣ ಆಫ್ರಿಕಾದ ಎದುರು ಇಳಿದಾಗ ಕಾಲಿಗೆ ಹಾಕಿಕೊಂಡಿದ್ದು ಬಾರ್ನ್‌ಸ್ಟೇಪಲ್ಲಿನ ಕಾಲುಚೀಲ. 2015ರ ಜೂನ್ 5ರಂದು ಫ್ರಾನ್ಸಿನಲ್ಲಿ ನಡೆದ ಕಾರು ಅಪಘಾತದಲ್ಲಿ ಅವರೂ ಅವರ ಸಂಗಾತಿಯೂ ತೀರಿಕೊಂಡರು. ಜಗತ್ತಿನ ದೊಡ್ಡ ಮೈದಾನಗಳಲ್ಲಿ ಆಡಿದವನನ್ನು ಊರು ನೆನಪಿಟ್ಟುಕೊಂಡದ್ದು ಶನಿವಾರದ ಹುಡುಗರು ಆಡುವ ಮೈದಾನಕ್ಕೆ ಹೆಸರಿಟ್ಟು. ಕಾಲಿನ್ಸ್ ಅವರಿಗೆ ಇದಕ್ಕಿಂತ ಒಪ್ಪುವ ಗೌರವ ನನಗೆ ತೋಚುವುದಿಲ್ಲ.

1995ರಲ್ಲಿ ರಗ್ಬಿ ಅಧಿಕೃತವಾಗಿ ಹಣದ ಆಟವಾಯಿತು. ದೊಡ್ಡ ಆಟಗಾರರು ಅಂದಿನಿಂದ ಕ್ಲಬ್ಬಿನ ಶನಿವಾರಗಳಿಗೆ ಸಿಗುವುದು ಅಪರೂಪ. ಆದರೂ ಜ್ಯೂಬಿಲಿ ಕಪ್ ಬದುಕಿದೆ. ಯಾಕೆ ಎಂದು ಆ ಚಳಿಗಾಲದಲ್ಲಿ ನನಗೆ ಅರ್ಥವಾಯಿತು. ಗೆದ್ದರೆ ಸಿಗುವುದು ಊರಿನ ಹೆಸರು ಒಂದು ಫಲಕದ ಮೇಲೆ, ಅಷ್ಟೇ. ಅಷ್ಟಕ್ಕಾಗಿ ಮೈ ಹಣ್ಣಾಗಿಸಿಕೊಂಡವರು ಸೋತ ಸಂಜೆಯೂ ಗೆದ್ದವರ ಜೊತೆ ಕೂತು ಉಣ್ಣಬಲ್ಲರು, ಗೆದ್ದವರು ಸೋತವರ ಗಾಯ ವಿಚಾರಿಸಬಲ್ಲರು. ಆಡುವವರು, ಗೆರೆ ಎಳೆಯುವವರು, ಬನ್ನು ತರುವವರು ಎಲ್ಲರೂ ಒಂದೇ ಜನ. ಆಟವನ್ನು ಅವರಿಂದ ಯಾರೂ ಕೊಂಡುಕೊಂಡು ಹೋಗಲಾರರು.

ಇದನ್ನು ನಾನು ಮೊದಲು ಕಂಡದ್ದು ಕೊಡಗಿನಲ್ಲೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಪ್ಪ ನೋಡಲು ಕರೆದುಕೊಂಡು ಹೋಗಿದ್ದರು. ಅರವತ್ತು ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ಪಿನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಅಜ್ಜ, ಮಗಳು, ಮೊಮ್ಮಗ ಒಂದೇ ತಂಡದಲ್ಲಿ ನಿಲ್ಲುವ ಪಂದ್ಯಾವಳಿ ಅದು. ಅಲ್ಲಿ ಮನೆತನದ ಹೆಸರು, ವೆಲ್ಲಿಂಗ್ಟನ್ನಿನಲ್ಲಿ ಊರಿನ ಹೆಸರು. ಪಣಕ್ಕಿಟ್ಟದ್ದು ಎರಡು ಕಡೆಯೂ ಹೆಸರೇ.

ರಗ್ಬಿಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿದಾಗ ಅದರ ಖಾತೆಯಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ನಾಗರ ಹಾವಿನ ಹಿಡಿಕೆ, ಆನೆಯ ಮುಚ್ಚಳವಿರುವ ಕಪ್ ಮಾಡಿಸಿದರು. ಇಂಗ್ಲೆಂಡ್, ಸ್ಕಾಟ್ಲೆಂಡ್ ತಂಡಗಳು 1879ರಿಂದ ಆಡುತ್ತಿರುವುದು ಆ ಕಲ್ಕತ್ತಾ ಕಪ್ಪಿಗಾಗಿ. 2025ರಲ್ಲಿ ಮುಂಬೈನಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಇತ್ತು. ಅದು ಒಳ್ಳೆಯ ಸುದ್ದಿಯೇ. ಆದರೆ ಲೀಗುಗಳು ಆಟಗಾರರನ್ನು ತೋರಿಸುತ್ತವೆ, ಹುಟ್ಟಿಸುವುದು ಕ್ಲಬ್ಬುಗಳು. ಬೆಂಗಳೂರಿನಲ್ಲಿ ರಗ್ಬಿ ಕ್ಲಬ್ ಇದೆ. ಕಬಡ್ಡಿ, ಖೊಖೊ, ವಾಲಿಬಾಲ್ ಪಂದ್ಯಾವಳಿಗಳು ಪ್ರತಿ ತಾಲ್ಲೂಕಿನಲ್ಲೂ ನಡೆಯುತ್ತವೆ. ಅವುಗಳಲ್ಲಿ ಒಂದನ್ನು ಲೀಗಿನ ಮೊದಲ ಪಂದ್ಯದಿಂದ ಫೈನಲ್‌ವರೆಗೆ ಬಿಡದೆ ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಗೆರೆ ಎಳೆಯಲು, ನೀರು ಕೊಡಲು, ಗಾಯಕ್ಕೆ ಪಟ್ಟಿ ಕಟ್ಟಲು ಪಂದ್ಯ ನಡೆಸುವವರಿಗೆ ಯಾವಾಗಲೂ ಜನ ಕಡಿಮೆ. ನಿಮಗೆ ಬರುವ ಒಂದು ಕೆಲಸವನ್ನು ಕೇಳಿ ಮಾಡಿಕೊಡಿ.